ತಪ್ಪೊಪ್ಪಿಕೊಂಡವರು ಯಾರು?

2017ರಲ್ಲಿ ತೆರೆಗೆ ಬಂದ ‘ಹಿಂದಿ ಮೀಡಿಯಂ’ ಚಿತ್ರವನ್ನು ಖಾಸಗಿ ಶಾಲೆಗಳ ದರ್ಪಕ್ಕೆ ಬಿದ್ದ ಏಟು ಎಂದೇ ಜನ ಮೆಚ್ಚಿಕೊಂಡರು. ನಿರ್ದೇಶಕ ಸಾಕೇತ್ ಚೌಧರಿ. ಮರುವರ್ಷ ಫಿಲ್ಮ್‌ಫೇರ್‌ನಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು, ಇರ್ಫಾನ್ ಖಾನ್‌ಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಇರ್ಫಾನ್ ಮಟ್ಟಿಗೆ ಯಾರದೂ ತಕರಾರಿಲ್ಲ. ಚಿತ್ರದ ಬಗ್ಗೆ ನನಗೊಂದು ತಕರಾರಿದೆ. ಎರಡು ಗಂಟೆಗೂ ಹೆಚ್ಚು ಕಾಲ ಒಂದು ಶಾಲೆ ಅಪ್ಪ ಅಮ್ಮನನ್ನು ಮನಸ್ಸಿಗೆ ಬಂದಂತೆ ಕುಣಿಸುತ್ತದೆ. ಕೊನೆಗೆ ವೇದಿಕೆ ಹತ್ತಿ, ಮೈಕಿನ ಮುಂದೆ ನಿಂತು ತಪ್ಪಾಯಿತು ಅನ್ನುವವನು ಅಪ್ಪ. ಶಾಲೆಯ ಮೇಲಿದ್ದ ಮೊಕದ್ದಮೆಯಲ್ಲಿ ಶಿಕ್ಷೆ ಫಿರ್ಯಾದಿಗೇ ಆದಂತಾಯಿತು.

ಚಿತ್ರ ನೋಡದವರಿಗಾಗಿ ಎರಡು ಮಾತು. ರಾಜ್ ಬತ್ರಾ ದೆಹಲಿಯ ಚಾಂದನಿ ಚೌಕದ ಬಟ್ಟೆ ವ್ಯಾಪಾರಿ. ಕೈತುಂಬ ದುಡ್ಡಿದೆ, ಇಂಗ್ಲಿಷ್ ಇಲ್ಲ. ಹೆಂಡತಿ ಮೀತಾಗೆ ಮಗಳು ಪಿಯಾ ನಗರದ ದೊಡ್ಡ ಇಂಗ್ಲಿಷ್ ಶಾಲೆಯಲ್ಲೇ ಓದಬೇಕೆಂಬ ಹಟ. ಗಲ್ಲಿ ಬಿಟ್ಟು ವಸಂತ ವಿಹಾರಕ್ಕೆ ಮನೆ ಬದಲಾಯಿಸುತ್ತಾರೆ. ಶಾಲೆಯವರ ಸಂದರ್ಶನಕ್ಕೆ ಹೇಗೆ ಕೂರಬೇಕು, ಏನು ಉಡಬೇಕು, ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಹೇಳಿಕೊಡಲು ದುಡ್ಡು ಕೊಟ್ಟು ಸಲಹೆಗಾರ್ತಿಯನ್ನು ಹಿಡಿಯುತ್ತಾರೆ. ಆದರೂ ಸೀಟು ಸಿಗುವುದಿಲ್ಲ. ಕೊನೆಗೆ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆ ಮೀಸಲಾದ ಸೀಟಿಗೆ ಸುಳ್ಳು ಕಾಗದ ಕೊಟ್ಟು, ಶಾಲೆಯವರು ವಿಚಾರಣೆಗೆ ಬಂದಾರೆಂಬ ಭಯದಲ್ಲಿ ಬಡವರ ಬಸ್ತಿಯಲ್ಲಿ ಹೋಗಿ ವಾಸ ಮಾಡುತ್ತಾರೆ. ಪಿಯಾಗೆ ಸೀಟು ಸಿಗುತ್ತದೆ. ಪಕ್ಕದ ಮನೆಯ ಶ್ಯಾಮ್ ಪ್ರಕಾಶನ ಮಗ ಮೋಹನನಿಗೆ ತಪ್ಪುತ್ತದೆ.

ಚಿತ್ರದ ಮೊದಲರ್ಧ ನನಗೆ ಬಹಳ ಇಷ್ಟ. ಶಾಲೆಯ ಅಧಿಕಾರ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಅದು ಸರಿಯಾಗಿ ಹಿಡಿದಿದೆ. ಶಾಲೆಯ ಒಬ್ಬನೇ ಒಬ್ಬ ಸಿಬ್ಬಂದಿ ಬಾಯಿ ತೆರೆಯುವ ಮೊದಲೇ ಆ ಅಧಿಕಾರ ಮನೆಯೊಳಗೆ ಬಂದು ಕೂತಿರುತ್ತದೆ. ಹೆಂಡತಿ ಗಂಡನ ಮಾತು ತಿದ್ದುತ್ತಾಳೆ, ಅವನ ಅಂಗಿಯನ್ನು ತಿದ್ದುತ್ತಾಳೆ, ಅವನಿಗಿಷ್ಟವಾದ ಹಾಡಿನ ಬಗ್ಗೆಯೂ ನಾಚಿಕೊಳ್ಳುತ್ತಾಳೆ. ಒಳ್ಳೆಯ ಶಾಲೆ ಸಿಗದಿದ್ದರೆ ಮಗಳು ಹಾಳಾಗಿ ಡ್ರಗ್ಸ್ ಹಿಡಿಯುತ್ತಾಳೆ ಎಂದು ಮೀತಾ ಮತ್ತೆ ಮತ್ತೆ ಕಂಗಾಲಾಗುವುದು ಚಿತ್ರದ ದೊಡ್ಡ ತಮಾಷೆ. ಚಿತ್ರಮಂದಿರದಲ್ಲಿ ಎಲ್ಲರೂ ನಕ್ಕರು. ಮಕ್ಕಳನ್ನು ಎಲ್‌ಕೆಜಿಗೆ ಸೇರಿಸುವ ವಯಸ್ಸಿನ ದಂಪತಿಗಳು ಸ್ವಲ್ಪ ತಡವಾಗಿ ನಕ್ಕಿರಬೇಕು.

ಇದು ಕಟ್ಟುಕಥೆಯ ಉತ್ಪ್ರೇಕ್ಷೆ ಅನ್ನುವವರು ದೆಹಲಿಯ ನರ್ಸರಿ ಪ್ರವೇಶದ ಚರಿತ್ರೆಯನ್ನು ಒಮ್ಮೆ ನೋಡಬೇಕು. ಸಂದರ್ಶನದ ಹಾವಳಿ ಹೈಕೋರ್ಟಿನ ಕಟಕಟೆ ಹತ್ತಿ, 2006ರಲ್ಲಿ ಅಶೋಕ್ ಗಂಗೂಲಿ ಸಮಿತಿ ನೇಮಕವಾಯಿತು. ಮಗುವನ್ನೂ ಹೆತ್ತವರನ್ನೂ ಕೂರಿಸಿ ಪ್ರಶ್ನೆ ಕೇಳುವುದನ್ನು ಬಿಟ್ಟು ಅಂಕಗಳ ಲೆಕ್ಕದಲ್ಲಿ ಸೀಟು ಕೊಡಿ ಎಂಬ ಪದ್ಧತಿ ಬಂತು: ಮನೆ ಎಷ್ಟು ಹತ್ತಿರ, ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿದ್ದಾರೆಯೇ, ಇತ್ಯಾದಿ. ಶಾಲೆಗಳು ಆ ಅಂಕಪಟ್ಟಿಯೊಳಗೇ ಸಂದರ್ಶನವನ್ನು ನುಗ್ಗಿಸಿದವು. 2016ರ ಜನವರಿಯಲ್ಲಿ ದೆಹಲಿ ಸರ್ಕಾರ ಇಂಥ 62 ಮಾನದಂಡಗಳನ್ನು ಒಟ್ಟಿಗೆ ರದ್ದು ಮಾಡಿದಾಗ ಪಟ್ಟಿಯಲ್ಲಿ ಏನೇನಿತ್ತೆಂದು ಎಲ್ಲರಿಗೂ ಗೊತ್ತಾಯಿತು. ಅಪ್ಪ ಸಿಗರೇಟು ಸೇದುತ್ತಾನೆಯೇ, ಮನೆಯಲ್ಲಿ ಕುಡಿಯುವವರಿದ್ದಾರೆಯೇ, ಊಟ ಸಸ್ಯಾಹಾರವೇ ಮಾಂಸಾಹಾರವೇ, ಹೆತ್ತವರು ಏನು ಓದಿದ್ದಾರೆ. ಮೂರು ವರ್ಷದ ಮಗು ಬಣ್ಣದ ಪೆನ್ಸಿಲು ಹಿಡಿಯಲು ಅಪ್ಪನ ತಟ್ಟೆಯಲ್ಲಿ ಏನಿದೆ ಎಂಬುದು ಏಕೆ ಬೇಕು? ಆ ರದ್ದತಿಯೂ ಪೂರ್ತಿ ನಿಲ್ಲಲಿಲ್ಲ. ಕೆಲವು ಮಾನದಂಡಗಳ ಮತ್ತು ಆಡಳಿತ ಮಂಡಳಿ ಕೋಟಾದ ವಿಷಯದಲ್ಲಿ ಶಾಲೆಗಳು ಹೈಕೋರ್ಟಿನಿಂದ ತಡೆ ತಂದವು.

2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನೆಲ್ಲ ನಿಷೇಧಿಸಿಲ್ಲವೇ ಎಂದು ಕೇಳಬಹುದು. ನಿಷೇಧಿಸಿದೆ. 13ನೇ ಕಲಮಿನ ಪ್ರಕಾರ ಪ್ರವೇಶದ ಹೊತ್ತಿಗೆ ಕ್ಯಾಪಿಟೇಶನ್ ಶುಲ್ಕ ಕೇಳುವಂತಿಲ್ಲ. ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪೋಷಕರನ್ನಾಗಲಿ ಯಾವ ಬಗೆಯ ಸೋಸುವಿಕೆಗೂ ಒಳಪಡಿಸುವಂತಿಲ್ಲ. ತಂದೆತಾಯಿಯ ಹೆಸರನ್ನೂ ಎತ್ತಿ ಹೇಳಿರುವುದು ಆ ಕಲಮಿನ ಹೆಚ್ಚುಗಾರಿಕೆ. ಆದರೆ ದಂಡದ ಮೊತ್ತ ನೋಡಿ: ಸಂದರ್ಶನ ಮಾಡಿ ಮೊದಲ ಸಲ ಸಿಕ್ಕಿಬಿದ್ದರೆ 25 ಸಾವಿರ ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50 ಸಾವಿರದವರೆಗೆ. ಒಂದು ಮಗುವಿನ ಒಂದು ವರ್ಷದ ಶುಲ್ಕವೇ ಲಕ್ಷ ದಾಟುವ ಶಾಲೆಗೆ ಇದು ದಂಡವಲ್ಲ, ಚಿಲ್ಲರೆ ಖರ್ಚು. ಇನ್ನೊಂದು ಕಿಂಡಿ ಇದಕ್ಕಿಂತ ದೊಡ್ಡದು. ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳದು. ಸಂದರ್ಶನ ನಡೆಯುವುದು ನರ್ಸರಿಗೆ, ಎಲ್‌ಕೆಜಿಗೆ, ಅಂದರೆ ಮೂರು ನಾಲ್ಕನೇ ವಯಸ್ಸಿಗೆ. ಅನುದಾನರಹಿತ ಖಾಸಗಿ ಶಾಲೆಗಳ ನರ್ಸರಿಯ ಸಾಮಾನ್ಯ ಸೀಟುಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು 2013ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟೇ ಹೇಳಿತು. ಕಾನೂನು ಕಣ್ಣು ಬಿಡುವ ಹೊತ್ತಿಗೆ ಮಗು ಒಳಗೆ ಸೇರಿ ಮೂರು ವರ್ಷವಾಗಿರುತ್ತದೆ, ಅಪ್ಪ ಅಮ್ಮ ಕೈಕಟ್ಟಿ ನಿಲ್ಲುವುದನ್ನು ಕಲಿತಿರುತ್ತಾರೆ.

‘ಹಿಂದಿ ಮೀಡಿಯಂ’ ಮುಗ್ಗರಿಸುವುದು ಇಲ್ಲಿ. ಗೇಟಿನ ಹೊರಗಿನ ಅವಮಾನವನ್ನು ಅದು ಚೆನ್ನಾಗಿ ತೋರಿಸುತ್ತದೆ. ಗೇಟು ದಾಟಿದವರಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನೇ ಕೇಳುವುದಿಲ್ಲ, ಸೀಟು ಸಿಕ್ಕರೆ ಸಂಕಟ ಮುಗಿಯಿತು ಎಂಬಂತೆ. ಬೆಂಗಳೂರಲ್ಲಿ, ಹುಬ್ಬಳ್ಳಿಯಲ್ಲಿ, ಮಂಗಳೂರಲ್ಲಿ ಮಕ್ಕಳನ್ನು ಓದಿಸುತ್ತಿರುವ ಯಾರನ್ನು ಕೇಳಿದರೂ ಸೀಟು ಸಿಕ್ಕ ದಿನ ಸಂಕಟಕ್ಕೆ ಬರೀ ಪೀಠಿಕೆ ಅಂದಾರು. ಅಲ್ಲಿಂದ ಮುಂದೆ ಯಾರೂ ಏರುದನಿಯಲ್ಲಿ ಬೈಯುವುದಿಲ್ಲ. ಬೈಯಬೇಕಾಗಿಯೂ ಇಲ್ಲ, ಕಾಗದಗಳೇ ಆ ಕೆಲಸ ಮಾಡುತ್ತವೆ. ಡೈರಿಯಲ್ಲಿ ಕೆಂಪು ಇಂಕಿನ ಒಂದು ಸಾಲು. ‘ನಾಳೆ ಹತ್ತಕ್ಕೆ ಕೋಆರ್ಡಿನೇಟರ್ ಮೇಡಂ ಅವರನ್ನು ಕಾಣುವುದು’ ಎಂಬ ಚೀಟಿ. ಹತ್ತಕ್ಕೆ ಬಂದವರನ್ನು ಹನ್ನೊಂದೂವರೆಗೆ ಒಳಗೆ ಕರೆಯುವುದು, ಅರ್ಧ ದಿನದ ಕೂಲಿಯೋ ರಜೆಯೋ ಹೋಯಿತು ಎಂದರೆ ‘ನಿಮ್ಮ ಮಗುವಿಗಾಗಿ ಅಷ್ಟೂ ಸಮಯ ಇಲ್ಲವಾ’ ಎಂಬ ಮರುಪ್ರಶ್ನೆ. ಗೇಟಿನ ಸೆಕ್ಯುರಿಟಿಯವನು ಬರೆಸಿಕೊಳ್ಳುವ ರಿಜಿಸ್ಟರು. ಅಡ್ಮಿನ್ ಮಾತ್ರ ಮಾತಾಡಬಹುದಾದ ವಾಟ್ಸಾಪ್ ಗುಂಪು. ಅದರಲ್ಲಿ ಫೀಸಿನ ಕೊನೆಯ ದಿನಾಂಕ ಬರುತ್ತದೆ, ಏಕೆ ಹೆಚ್ಚಾಯಿತೆಂದು ಕೇಳುವ ಜಾಗ ಇರುವುದಿಲ್ಲ. ಪುಸ್ತಕ, ಬ್ಯಾಗು, ಶೂ ಎಲ್ಲವನ್ನೂ ಶಾಲೆ ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕು. ಬಿಲ್ಲು ಕೇಳಿದರೆ ಮುಖ ನೋಡುತ್ತಾರೆ.

ಇವುಗಳ ಪೈಕಿ ಅತ್ಯಂತ ಕೆಟ್ಟದ್ದು ತಪ್ಪೊಪ್ಪಿಗೆ ಪತ್ರ. ಮಗು ಯಾರನ್ನೋ ತಳ್ಳಿತು, ಹೋಂವರ್ಕ್ ತರಲಿಲ್ಲ, ಉದ್ದ ಕೂದಲು ಬಿಟ್ಟಿತು, ಏನಾದರೂ ಆಗಬಹುದು. ಬರೆಯಬೇಕಾದವರು ಅಪ್ಪ ಅಮ್ಮ: ಇನ್ನು ಹೀಗಾಗದಂತೆ ನೋಡಿಕೊಳ್ಳುತ್ತೇವೆ, ಮತ್ತೆ ಹೀಗಾದರೆ ಶಾಲೆ ತೆಗೆದುಕೊಳ್ಳುವ ಕ್ರಮಕ್ಕೆ ಬದ್ಧರಾಗಿರುತ್ತೇವೆ. ಈ ಪತ್ರ ಫೈಲಿಗೆ ಸೇರುತ್ತದೆ. ನಾಳೆ ಶಾಲೆಯದೇ ತಪ್ಪಾಗಿ ನೀವು ದೂರು ಹೇಳಲು ಹೋದರೆ ಮೊದಲು ಮೇಜಿನ ಮೇಲೆ ಬರುವುದು ಅದೇ ಫೈಲು. ಶಾಲೆಯ ಕಡೆಯಿಂದ ಪೋಷಕರಿಗೆ ಬರೆದ ಕ್ಷಮಾಪಣೆ ಪತ್ರವನ್ನು ಕಂಡವರಿದ್ದರೆ ಹೇಳಿ. ರಾಜ್ ಬತ್ರಾನ ವೇದಿಕೆ ಭಾಷಣ ನನಗೆ ಒಗ್ಗದಿರಲು ಇದೇ ಕಾರಣ. ಅವನ ತಪ್ಪು ನಿಜ, ಬಡವನ ಸೀಟು ಕದ್ದಿದ್ದಾನೆ. ಆದರೆ ಆ ಭಾಷಣ ಈ ಪತ್ರದ ಅಚ್ಚಿನಲ್ಲೇ ಎರಕ ಹೊಯ್ದದ್ದು.

ಶುಲ್ಕ ಬಾಕಿ ಉಳಿದಾಗ ಕಾಗದದ ಬಲ ಪೂರ್ತಿ ಹೊರಬೀಳುತ್ತದೆ. ಕೊರೊನಾ ಕಾಲದಲ್ಲಿ ದುಡಿಮೆ ನಿಂತ ಎಷ್ಟೋ ಕುಟುಂಬಗಳು ಮಕ್ಕಳನ್ನು ಖಾಸಗಿ ಶಾಲೆಯಿಂದ ಬಿಡಿಸಿ ಸರ್ಕಾರಿ ಶಾಲೆಗೆ ಸೇರಿಸಲು ಹೊರಟಾಗ ಬಾಕಿ ತೀರಿಸುವವರೆಗೆ ಟಿ.ಸಿ. ಇಲ್ಲ ಎಂಬ ಉತ್ತರ ಬಂತು. ಕಾಗದದ ಟಿ.ಸಿ. ಕೈಗೆ ಬಂದರೂ ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹಳೆಯ ಶಾಲೆ ಮಗುವಿನ ಹೆಸರನ್ನು ಬಿಟ್ಟುಕೊಡದಿದ್ದರೆ ಹೊಸ ಶಾಲೆಯ ಲೆಕ್ಕದಲ್ಲಿ ಮಗು ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಸ್ಪಷ್ಟವಾಗಿದೆ: ಮುಖ್ಯ ಶಿಕ್ಷಕರು ಟಿ.ಸಿ.ಯನ್ನು ಕೂಡಲೇ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಟಿ.ಸಿ. ಅನ್ನುವುದು ಬಾಕಿ ವಸೂಲಿಯ ಸಾಧನವಲ್ಲ ಎಂದು 2024ರಲ್ಲಿ ಮದ್ರಾಸ್ ಹೈಕೋರ್ಟೂ ಹೇಳಿತು. ಬಾಕಿ ಬರಬೇಕಿದ್ದರೆ ಶಾಲೆ ಸಾಲಗಾರನ ಮೇಲೆ ದಾವೆ ಹೂಡಬಹುದು, ಬೇರೆಲ್ಲರೂ ಹಾಗೇ ಮಾಡುವುದು. ಆದರೆ ದಾವೆಗೆ ವರ್ಷಗಟ್ಟಲೆ ಕಾಯಬೇಕು. ಮಗುವನ್ನು ಪರೀಕ್ಷಾ ಕೊಠಡಿಯಿಂದ ಹೊರಗೆ ಹತ್ತು ನಿಮಿಷ ನಿಲ್ಲಿಸಿದರೆ ಸಂಜೆಯೊಳಗೆ ದುಡ್ಡು ಬರುತ್ತದೆ. ಅಪ್ಪನ ಮೇಲಿನ ಅಧಿಕಾರವನ್ನು ಮಗುವಿನ ಮೈಮೇಲೆ ಚಲಾಯಿಸುವ ಈ ಉಪಾಯ ಎಷ್ಟು ಸಲೀಸು ಅಂದರೆ, ಮಾಡುವವರಿಗೆ ಅದು ಕ್ರೌರ್ಯ ಅನ್ನಿಸುವುದೇ ಇಲ್ಲ, ಆಫೀಸಿನ ಕೆಲಸ ಅನ್ನಿಸುತ್ತದೆ.

ರಾಮ್ ನಿರ್ದೇಶಿಸಿದ ತಮಿಳಿನ ‘ತಂಗ ಮೀನ್‌ಗಳ್’ (2013) ಈ ಜಾಗವನ್ನು ಮುಟ್ಟಿದೆ. ಫೀಸು ಕಟ್ಟಲಾಗದ ಅಪ್ಪ, ಅದರ ಬಿಸಿಯನ್ನು ತರಗತಿಯಲ್ಲಿ ಅನುಭವಿಸುವ ಮಗಳು. ಕುಶಲತೆಯಲ್ಲಿ ‘ಹಿಂದಿ ಮೀಡಿಯಂ’ ಮುಂದೆ, ನಿಜದ ಹತ್ತಿರ ‘ತಂಗ ಮೀನ್‌ಗಳ್’. ನಮ್ಮಲ್ಲಿ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ (2018) ಶಾಲೆ ಉಳಿಸಿಕೊಳ್ಳಲು ಹೋರಾಡುವ ಊರಿನ ಕಥೆ. ಶಾಲೆ ನಮ್ಮದು ಎಂಬ ಭಾವದಿಂದಲೇ ಅದು ನಗಿಸುತ್ತದೆ, ಅಳಿಸುತ್ತದೆ. ಫೀಸು ಕಟ್ಟುವ ಶಾಲೆಯನ್ನು ಯಾರೂ ನಮ್ಮದು ಅನ್ನುವುದಿಲ್ಲ. ‘ನಮ್ಮ ಹುಡುಗ ಅಲ್ಲಿ ಓದುತ್ತಿದ್ದಾನೆ’ ಅನ್ನುತ್ತಾರೆ.

ನಮ್ಮದಲ್ಲದ ಶಾಲೆಯನ್ನು ನಾವೇ ಆಯ್ದುಕೊಳ್ಳುವುದರ ಹಿಂದೆ ಕರ್ನಾಟಕದ್ದೇ ಒಂದು ಕಾನೂನಿನ ಕಥೆಯಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕೆಂಬ ರಾಜ್ಯದ 1994ರ ಭಾಷಾ ನೀತಿಯನ್ನು ಖಾಸಗಿ ಶಾಲಾ ಆಡಳಿತ ಮಂಡಳಿಗಳ ಸಂಘ ಪ್ರಶ್ನಿಸಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು: ಕಲಿಕೆಯ ಮಾಧ್ಯಮ ಯಾವುದಿರಬೇಕೆಂದು ಆಯ್ದುಕೊಳ್ಳುವ ಸ್ವಾತಂತ್ರ್ಯ ಮಗುವಿನದು, ಮಗುವಿನ ಪರವಾಗಿ ತಂದೆತಾಯಿಯದು, ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ. ಆ ತೀರ್ಪು ಸರಿಯೋ ತಪ್ಪೋ ಎಂಬ ಜಗಳ ಕನ್ನಡದಲ್ಲಿ ಸಾಕಷ್ಟು ಆಗಿದೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ನನಗೆ ಬೇಕಾದ್ದು ಬೇರೆ ಸಂಗತಿ. ಗೆದ್ದ ಹಕ್ಕು ತಂದೆತಾಯಿಯದು, ಗೆದ್ದುಕೊಟ್ಟವರು ಶಾಲೆ ನಡೆಸುವವರು. ಸರ್ಕಾರದ ಮುಂದೆ ನಿಂತಾಗ ಪೋಷಕರ ಆಯ್ಕೆ ಪವಿತ್ರ. ಅದೇ ಪೋಷಕರು ಆಯ್ದುಕೊಂಡು ಒಳಗೆ ಬಂದ ಮೇಲೆ ಶುಲ್ಕದ ಬಗ್ಗೆ, ವ್ಯಾನಿನ ಬಗ್ಗೆ, ಒಂದೇ ತರಗತಿಗೆ ವರ್ಷದಲ್ಲಿ ಮೂರು ಟೀಚರ್ ಬದಲಾದ ಬಗ್ಗೆ ಬಾಯಿಬಿಟ್ಟರೆ ಉತ್ತರ ಒಂದೇ, ‘ಇಷ್ಟವಿಲ್ಲದಿದ್ದರೆ ಟಿ.ಸಿ. ತಗೊಂಡು ಹೋಗಿ’. ಆಯ್ಕೆಯ ಸ್ವಾತಂತ್ರ್ಯ ಅಂದರೆ ಕೊನೆಗೆ ಹೊರಡುವ ಸ್ವಾತಂತ್ರ್ಯ, ಅದೂ ಬಾಕಿ ಕಟ್ಟಿದ ಮೇಲೆ.

ಇದಕ್ಕೆ ಎದುರಾಗಿ ಸರ್ಕಾರಿ ಶಾಲೆಯನ್ನು ಇಟ್ಟು ನೋಡಿದರೆ ಇನ್ನೊಂದು ತಮಾಷೆ ಕಾಣುತ್ತದೆ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರಲ್ಲಿ ಕರ್ನಾಟಕದಲ್ಲಿ ಎಸ್‌ಡಿಎಂಸಿಗಳು, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಬಂದವು. ಮುಂದೆ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ದೇಶಕ್ಕೆಲ್ಲ ಅಂಥದೇ ಸಮಿತಿಯನ್ನು ಕಡ್ಡಾಯ ಮಾಡಿತು: ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿಯರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಅವರ ಅಧಿಕಾರ. ಒಂದು ಪೈಸೆ ಫೀಸು ಕಟ್ಟದ ಕೂಲಿಕಾರ ತಾಯಿಗೆ ಕಾನೂನು ಶಾಲೆಯ ಲೆಕ್ಕ ಕೇಳುವ ಹಕ್ಕು ಕೊಟ್ಟಿದೆ. ಲಕ್ಷ ಕಟ್ಟುವ ಸಾಫ್ಟ್‌ವೇರ್ ಎಂಜಿನಿಯರಿಗೆ ಕೊಟ್ಟಿಲ್ಲ, ಏಕೆಂದರೆ ಅದೇ 21ನೇ ಕಲಂ ಅನುದಾನರಹಿತ ಖಾಸಗಿ ಶಾಲೆಗಳನ್ನು ಹೊರಗಿಟ್ಟಿದೆ. ಅಲ್ಲಿ ಇರುವುದು ಶಾಲೆಯೇ ಕರೆದು ಕೂರಿಸುವ ಪೇರೆಂಟ್ಸ್ ಕಮಿಟಿ. ಅದರ ಕೆಲಸ ಆ್ಯನುಯಲ್ ಡೇ ದಿನ ಬ್ಯಾಡ್ಜ್ ಹಂಚುವುದು.

ಹಾಗೆಂದು ಎಸ್‌ಡಿಎಂಸಿಯ ತಾಯಂದಿರು ಅಧಿಕಾರ ನಡೆಸುತ್ತಿದ್ದಾರೆಂದು ಭ್ರಮಿಸಬೇಕಿಲ್ಲ. ಮುಖ್ಯ ಶಿಕ್ಷಕರೇ ಸಮಿತಿಯ ಸದಸ್ಯ ಕಾರ್ಯದರ್ಶಿ. ನಡಾವಳಿ ಪುಸ್ತಕ ಅವರ ಬೀರುವಿನಲ್ಲಿ. ಸಭೆ ಇಟ್ಟುಕೊಳ್ಳುವುದು ಹೊಲದ ಕೆಲಸದ ಹೊತ್ತಿಗೆ. ಸಂಜೆ ಯಾರಾದರೂ ಮನೆ ಬಾಗಿಲಿಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತಾರೆ, ಏನು ಬರೆದಿದೆ ಎಂದು ಕೇಳುವುದು ಮರ್ಯಾದೆಯಲ್ಲ. ‘ನಿಮಗೆ ತಿಳಿಯೋಲ್ಲಮ್ಮ’ ಅನ್ನುವ ಮಾತು ಸರ್ಕಾರಿ ಶಾಲೆಯಲ್ಲೂ ಇದೆ. ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಲ್ಲಿ ಜಗಳವಾಡಲು ನಿರ್ಧರಿಸಿದ ತಾಯಿಗೆ ಕಾಲೂರಲು ಒಂದು ಕಲಂ ಇದೆ, ಬಿಇಒ ಕಚೇರಿಗೆ ಹೋದರೆ ‘ನೀವ್ಯಾರು’ ಎಂಬ ಪ್ರಶ್ನೆಗೆ ಉತ್ತರವಿದೆ. ಖಾಸಗಿ ಶಾಲೆಯ ಪೋಷಕರಿಗೆ ಅದೂ ಇಲ್ಲ. ಶುಲ್ಕದ ವಿಷಯಕ್ಕೆ ಜಿಲ್ಲಾ ಮಟ್ಟದ ಪ್ರಾಧಿಕಾರ ಎಂದೊಂದಿತ್ತು. ಅದಕ್ಕೆ ಬಲ ಕೊಡುತ್ತಿದ್ದ ಕರ್ನಾಟಕ ಶಿಕ್ಷಣ ಕಾಯ್ದೆಯ ಕಲಮುಗಳು ಅನುದಾನರಹಿತ ಶಾಲೆಗಳ ಮಟ್ಟಿಗೆ ಅಸಾಂವಿಧಾನಿಕ ಎಂದು 2023ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು.

ಎಲ್ಲ ದೋಷವನ್ನೂ ಟೀಚರ ತಲೆಗೆ ಕಟ್ಟುವುದು ಅನ್ಯಾಯ. ಫೀಸು ಬಾಕಿಯವರ ಪಟ್ಟಿಯನ್ನು ಕ್ಲಾಸ್ ಟೀಚರ್ ಕೈಗೆ ಕೊಟ್ಟು ಶುಕ್ರವಾರದೊಳಗೆ ವಸೂಲಿ ಮಾಡಿ ಅನ್ನುವವರು ಮೇಲೆ ಕೂತಿರುತ್ತಾರೆ. ಬಿ.ಎಡ್. ಮಾಡಿ, ತನ್ನ ಕ್ಲಾಸಿನ ಒಂದು ಮಗುವಿನ ಫೀಸಿಗಿಂತ ಕಡಿಮೆ ಸಂಬಳಕ್ಕೆ ದುಡಿಯುವ ಹುಡುಗಿ ತನ್ನ ಮೇಲೆ ಬಿದ್ದದ್ದನ್ನು ಇನ್ನೊಬ್ಬರ ಮೇಲೆ ತಳ್ಳುತ್ತಾಳೆ. ದುಡ್ಡು ಕೊಟ್ಟಿದ್ದೇನೆಂದು ಅವಳ ಮೇಲೆ ಕೂಗಾಡುವ ಅಪ್ಪಂದಿರೂ ಕಡಿಮೆಯಿಲ್ಲ. ಪ್ರಿನ್ಸಿಪಾಲರ ಮುಂದೆ ಮುದುಡಿ ಕೂತ ಮನುಷ್ಯನೇ ಹೊರಗೆ ಬಂದು ವ್ಯಾನಿನ ಆಯಾಳನ್ನು ಗದರಿಸುವುದನ್ನು ಯಾವ ಶಾಲೆಯ ಗೇಟಿನಲ್ಲೂ ನೋಡಬಹುದು.

‘ಹಿಂದಿ ಮೀಡಿಯಂ’ ಈ ಸರಪಳಿಯನ್ನು ಕಾಣದೆ ಎಲ್ಲವನ್ನೂ ಪ್ರಿನ್ಸಿಪಾಲ್ ಲೋಧಾ ಎಂಬ ಒಂದು ಮುಖದ ಮೇಲೆ ಹಾಕುತ್ತದೆ. ಅಮೃತಾ ಸಿಂಗ್ ಆ ಪಾತ್ರವನ್ನು ತಣ್ಣನೆಯ ನಗೆಯಲ್ಲಿ ಬಹಳ ಚೆನ್ನಾಗಿ ಮಾಡಿದ್ದಾರೆ. ಹಾಗೆ ಮಾಡಿದ್ದರಿಂದಲೇ ತೊಂದರೆಯೂ ಆಗಿದೆ, ಆಕೆ ಕೆಟ್ಟವಳು ಎಂದು ನಾವು ಮನೆಗೆ ಹೋಗುತ್ತೇವೆ. ಆಕೆಯ ಜಾಗದಲ್ಲಿ ಒಳ್ಳೆಯವಳು ಬಂದು ಕೂತರೂ ಡೈರಿ ಅದೇ, ಫೈಲು ಅದೇ, ಟಿ.ಸಿ. ಅದೇ. ಚಿತ್ರ ಕೊಡುವ ಪರಿಹಾರ ಇನ್ನೂ ಸುಲಭದ್ದು: ರಾಜ್ ತನ್ನ ದುಡ್ಡಿನಿಂದ ಸರ್ಕಾರಿ ಶಾಲೆಯೊಂದನ್ನು ರಿಪೇರಿ ಮಾಡಿಸುತ್ತಾನೆ, ಮಗಳನ್ನು ಅಲ್ಲಿಗೇ ಸೇರಿಸುತ್ತಾನೆ. ಬಟ್ಟೆ ವ್ಯಾಪಾರಿಗೆ ಅದು ಸಾಧ್ಯ. ಶ್ಯಾಮ್ ಪ್ರಕಾಶನ ಕೈಲಾಗದು. ದೀಪಕ್ ದೊಬ್ರಿಯಾಲ್ ಆ ಪಾತ್ರದಲ್ಲಿ ಎಷ್ಟು ಸಹಜವಾಗಿದ್ದಾರೆಂದರೆ, ಈ ಪ್ರಶ್ನೆಯನ್ನು ಚಿತ್ರವಲ್ಲ, ಅವರ ಕಣ್ಣುಗಳೇ ಕೇಳುತ್ತವೆ: ತನ್ನ ಮಗನ ಸೀಟು ಹೋದದ್ದಕ್ಕೆ ಅವನು ಯಾವ ಕೌಂಟರಿನಲ್ಲಿ ನಿಂತು ದೂರು ಕೊಡಬೇಕಿತ್ತು?

ಆದರೂ ಆ ಕೊನೆಯ ದೃಶ್ಯದಲ್ಲಿ ಒಂದು ಸಂಗತಿ ಇದೆ, ನಿರ್ದೇಶಕರು ಬಯಸಿ ಮಾಡಿದ್ದೋ ಇಲ್ಲವೋ. ರಾಜ್ ಮಾತು ಮುಗಿಸುತ್ತಾನೆ. ಸಭಾಂಗಣದ ತುಂಬ ಅಪ್ಪ ಅಮ್ಮಂದಿರು. ಅವರಿಂದ ಚಪ್ಪಾಳೆ ಬೀಳುವುದಿಲ್ಲ. ಶ್ರೀಮಂತರ ಕಲ್ಲುಮನಸ್ಸು ನೋಡಿ ಎಂದು ಚಿತ್ರ ನಮಗೆ ಹೇಳುತ್ತಿದೆ, ಹಿನ್ನೆಲೆ ಸಂಗೀತವೂ ಅದನ್ನೇ ಹೇಳುತ್ತಿದೆ. ನಾನು ಆ ಮುಖಗಳನ್ನು ಬೇರೆ ರೀತಿ ಓದುತ್ತೇನೆ. ಅಲ್ಲಿ ಕೂತವರಲ್ಲಿ ಅವನ ಮಾತು ಒಪ್ಪಿದವರು ಅರ್ಧದಷ್ಟಾದರೂ ಇದ್ದಾರು. ಅವರೆಲ್ಲರ ಮಕ್ಕಳು ಅದೇ ಶಾಲೆಯಲ್ಲಿದ್ದಾರೆ, ಪ್ರಿನ್ಸಿಪಾಲ್ ಅಲ್ಲೇ ಕೂತು ನೋಡುತ್ತಿದ್ದಾರೆ, ಮತ್ತು ಸೋಮವಾರ ಬೆಳಿಗ್ಗೆ ಎಂಟಕ್ಕೆ ಶಾಲೆ ಇದೆ.